ನಲವತ್ತೈದರ ಗೋಡೆ

ನಮ್ಮ ಮನೆಯ ಗಂಡಸರು ನಲವತ್ತೈದು ದಾಟುವುದಿಲ್ಲ ಎಂಬುದು ನಮ್ಮಲ್ಲಿ ಯಾರೂ ವಾದ ಮಾಡದ ಸಂಗತಿಯಾಗಿತ್ತು. ಮಾನ್ವಿಯಲ್ಲಿ ಬೇಸಿಗೆ ಸುಡುತ್ತದೆ ಎಂದರೆ ಯಾರಾದರೂ ಇಲ್ಲ ಅನ್ನುತ್ತಾರೆಯೇ, ಹಾಗೆ. ದೇವದುರ್ಗದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ನನ್ನ ಅಜ್ಜ ನಲವತ್ತೈದಕ್ಕೆ ತೀರಿಕೊಂಡ. ಅಪ್ಪನ ಒಬ್ಬನೇ ಅಣ್ಣ, ಸರ್ಕಾರಿ ನೌಕರಿಯಲ್ಲಿದ್ದ ನನ್ನ ದೊಡ್ಡಪ್ಪ, ಅವನೂ ನಲವತ್ತೈದಕ್ಕೆ ಒಂದು ಮಧ್ಯಾಹ್ನ ಊಟ ಮಾಡಿ ಕೈತೊಳೆದು ಮಲಗಿದವನು ಏಳಲಿಲ್ಲ. ಉಳಿದವನು ನನ್ನ ಅಪ್ಪ. ಎರಡು ಚುಕ್ಕಿ ಸಿಕ್ಕರೆ ಮನುಷ್ಯ ನಡುವೆ ಗೆರೆ ಎಳೆಯದೆ ಬಿಡುವುದಿಲ್ಲ. ಎರಡು ಚುಕ್ಕಿಯ ಮೇಲೆ ಗೆರೆ ಎಳೆಯಬೇಡಿ ಎಂದು ತರಗತಿಯಲ್ಲಿ ಎಷ್ಟು ವರ್ಷ ಬಡಿದುಕೊಂಡಿದ್ದೇನೋ, ಮನೆಯಲ್ಲಿ ಹೇಳಿ ಒಮ್ಮೆಯೂ ಗೆದ್ದಿಲ್ಲ.

ದೊಡ್ಡಪ್ಪ ಸಾಯುವವರೆಗೆ ಅಪ್ಪನಿಗೆ ವಯಸ್ಸು ಎಂಬುದೇ ಇರಲಿಲ್ಲ. ಇದ್ದಿರಬೇಕು, ಆದರೆ ಯಾರೂ ಕೇಳಿರಲಿಲ್ಲ. ಅವನು ಶಾಲೆಗೆ ಹೋದವನಲ್ಲ. ನೌಕರಿಗೆ ಅರ್ಜಿ ಹಾಕಿದವನಲ್ಲ. ದೊಡ್ಡಪ್ಪನನ್ನು ಮಣ್ಣು ಮಾಡಿ ಬಂದ ವಾರದಲ್ಲಿ ಅಪ್ಪ ಟ್ರಂಕಿನ ತಳದಿಂದ ಒಂದು ಹಿತ್ತಾಳೆ ತಂಬಿಗೆ ತೆಗೆದ. ಅವನನ್ನು ತೊಟ್ಟಿಲಿಗೆ ಹಾಕಿದ ದಿನ ಅವನ ತಾಯಿಯ ತಂದೆ ರಾಯಚೂರಿನ ಪಾತ್ರೆ ಅಂಗಡಿಯಿಂದ ತಂದು ಕೊಟ್ಟದ್ದು. ಅದರ ತಳದಲ್ಲಿ ಉರ್ದು ಅಂಕಿಯಲ್ಲಿ ಹುಟ್ಟಿದ ವರ್ಷ ಕೊರೆಸಿದ್ದರು: 1344. ಅಕ್ಷರ ಬರದಿದ್ದರೂ ವ್ಯಾಪಾರದ ಮನೆಯ ಹುಡುಗನಾದ್ದರಿಂದ ಅಪ್ಪನಿಗೆ ಉರ್ದು ಅಂಕಿ ಓದಲು ಬರುತ್ತಿತ್ತು. ನಿಜಾಮರ ಕಾಲದಲ್ಲಿ ನಮ್ಮ ಕಡೆ ಹೊಲದ ಪಟ್ಟಿ, ಕೋರ್ಟಿನ ವಾಯಿದೆ, ಅಂಗಡಿಯ ಲೆಕ್ಕ, ಎಲ್ಲವೂ ಫಸಲಿ ಎಂಬ ಕಂದಾಯದ ವರ್ಷದಲ್ಲಿ ನಡೆಯುತ್ತಿದ್ದವು. ನಿಜಾಮರು ಹೋದ ಮೇಲೂ ಪಂಚಾಂಗದ ಮೊದಲ ಪುಟದಲ್ಲಿ ಫಸಲಿ ಉಳಿದೇ ಇತ್ತು. ಆ ವರ್ಷದ ಫಸಲಿಯಿಂದ ತಂಬಿಗೆಯ ವರ್ಷ ಕಳೆ ಎಂದು ಅಪ್ಪ ನನಗೆ ಹೇಳಿದ. ನಾನಾಗ ಲೆಕ್ಕದಲ್ಲಿ ಜಾಣೆ ಎಂದು ಹೆಸರಾದ ಹುಡುಗಿ. ಕಳೆದೆ. ಮೂವತ್ತೊಂದು ಬಂತು.

ಅಂದಿನಿಂದ ಪ್ರತಿ ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ಈ ಕಳೆಯುವ ಶಾಸ್ತ್ರ ನಡೆಯುತ್ತಿತ್ತು. ಬೇವುಬೆಲ್ಲದ ಬೇವು ನಮ್ಮ ಮನೆಯಲ್ಲಿ ಇದೇ ಆಗಿತ್ತು ಎಂದರೂ ತಪ್ಪಿಲ್ಲ.

ಅಪ್ಪನ ದೇಹವೂ ಆ ನಂಬಿಕೆಗೆ ಸಾಕ್ಷಿ ಹೇಳುತ್ತಲೇ ಬಂತು. ಮೂವತ್ಮೂರಕ್ಕೇ ಅವನಿಗೆ ಚಾಳೀಸು ಬಂತು. ನಲವತ್ತು ದಾಟಿದವರ ಮೂಗಿನ ಮೇಲೆ ಕೂರುವ ಕನ್ನಡಕ ಇವನ ಮೂಗಿನ ಮೇಲೆ ಏಳು ವರ್ಷ ಮೊದಲೇ ಹತ್ತಿ ಕೂತಿತು. ಮೂವತ್ತಾರಕ್ಕೆ ತಲೆ ಅರ್ಧ ಬೆಳ್ಳಗಾಯಿತು. ನಲವತ್ತರ ಹೊತ್ತಿಗೆ ದವಡೆಯ ಹಲ್ಲು ಎರಡು ಹೋದವು, ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಳ್ಳತೊಡಗಿದ. ಓಣಿಯವರು ಗಿರಣಿಯ ತೌಡಿನ ಧೂಳೇ ಅವನನ್ನು ತಿಂದಿತು ಅನ್ನುತ್ತಿದ್ದರು. ಅಪ್ಪ ಒಪ್ಪುತ್ತಿರಲಿಲ್ಲ. "ಗಿರಣಿದು ಏನೂ ತಪ್ಪಿಲ್ಲರೀ. ನಮ್ಮ ಮನಿತನದ ರಕ್ತನ ಹಂಗ. ನಮ್ಮ ಗಂಡಸ್ರು ಲಗೂನ ಮುಪ್ಪಾಗಿ ಲಗೂನ ಹೋಗ್ತಾರ," ಅನ್ನುತ್ತಿದ್ದ, ಮಳೆ ಬರುವ ಸುದ್ದಿ ಹೇಳಿದಷ್ಟು ಸಮಾಧಾನದಿಂದ. ಆ ಸಮಾಧಾನ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಎಪ್ಪತ್ತೊಂಬತ್ತರ ಚಳಿಗಾಲಕ್ಕೆ ತಂಬಿಗೆಯ ಲೆಕ್ಕದಲ್ಲಿ ಅಪ್ಪನಿಗೆ ನಲವತ್ನಾಲ್ಕು. ಯುಗಾದಿ ಬಂದರೆ ನಲವತ್ತೈದು. ಅಷ್ಟರೊಳಗೆ ಗಿರಣಿ ಮಾರಿಬಿಡುವುದೆಂದು ಅವನು ತೀರ್ಮಾನಿಸಿದ.

ಆ ಅಕ್ಕಿ ಗಿರಣಿ ಮಾನ್ವಿಯ ಹೊರಗೆ, ಸಿಂಧನೂರು ರಸ್ತೆಗೆ ಇತ್ತು. ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಜೋಳದ ಹೊಲಗಳು ನೆಲ್ಲಿನ, ಅಂದರೆ ಭತ್ತದ, ಗದ್ದೆಗಳಾದವು. ದೇವದುರ್ಗದ ಅಂಗಡಿ ಮುಚ್ಚಿ ಅಪ್ಪ ಮಾನ್ವಿಗೆ ಬಂದು, ಬೇರೆಯವರ ಗಿರಣಿಗಳಲ್ಲಿ ದುಡಿದು, ಕೊನೆಗೆ ತನ್ನದೇ ಒಂದನ್ನು ನಿಲ್ಲಿಸಿದ. ಅದರ ಸದ್ದು ನಿಂತರೆ ಅವನಿಗೆ ಊಟ ರುಚಿಸುತ್ತಿರಲಿಲ್ಲ. ನೆಲ್ಲಿನ ಹೊಟ್ಟು ಬಿಡಿಸುವ ಹಲ್ಲರಿನಿಂದ ಬೀಳುವ ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ನುಚ್ಚು ಎಷ್ಟು, ತೌಡು ಎಷ್ಟು ಎಂದು ನೋಡುವಾಗ ಮಾತ್ರ ಅವನ ಮುಖದಲ್ಲಿ ಸಾವಿನ ಸುದ್ದಿ ಇರುತ್ತಿರಲಿಲ್ಲ. ತನ್ನ ಹಿಂದೆ ಹೆಂಡತಿ ಮಗಳು ಗಿರಣಿ ನಡೆಸಲಾರರು, ದಾಯಾದಿಗಳು ಜಗಳಕ್ಕೆ ಬರುತ್ತಾರೆ, ಬದುಕಿರುವಾಗಲೇ ಚೊಕ್ಕ ಮಾಡಿಬಿಡಬೇಕು ಎಂಬುದು ಅವನ ವಿಚಾರ. ಕವಿತಾಳದ ವ್ಯಾಪಾರಿಯೊಬ್ಬರೊಂದಿಗೆ ಮಾತಾಗಿತ್ತು. ಅವರು ಒಂದು ಸೋಮವಾರ ಬಂದು ಮಾತು ಮುಗಿಸುವುದೆಂದು ಗೊತ್ತಾಗಿತ್ತು. ಗಿರಣಿ ಮಾರಿದ ಮೇಲೆ ಅಪ್ಪ ಯುಗಾದಿವರೆಗೂ ಬದುಕುವುದಿಲ್ಲ, ನಂಬಿಕೆಗಾದರೂ ಸತ್ತೇ ಸಾಯುತ್ತಾನೆ ಎಂದು ನನಗೆ ಹೆದರಿಕೆ. ಅವ್ವನಿಗೂ ಅದೇ ಹೆದರಿಕೆ. ಅವಳು ಅದನ್ನು ಒಲೆಯ ಮುಂದೆ ಕೂತು ಮೂಗಿನ ತುದಿ ಒರೆಸಿಕೊಂಡು ತೋರಿಸುತ್ತಿದ್ದಳು.

ಇನ್ನು ನನ್ನ ಕೆಲಸದ ತಮಾಷೆ ಹೇಳಬೇಕು. ನಾನು ರಾಯಚೂರಿನ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಅದರ ಜೊತೆಗೆ ಸಂಶೋಧನೆ ಮಾಡುತ್ತಿದ್ದೆ. ವಿಷಯ ಏನು ಎಂದರೆ, ಮನುಷ್ಯರು ಮುಪ್ಪಾಗುವುದನ್ನೂ ಸಾಯುವುದನ್ನೂ ಗಣಿತದ ಸೂತ್ರದಲ್ಲಿ ಹಿಡಿಯುವುದು. ಅವ್ವನಿಗೆ ಇದನ್ನು ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಸಾಯೋ ಮಂದಿನ ಎಣ್ಸಾಕ ನಿಂಗ ಪಗಾರ ಕೊಡ್ತಾರೇನ ಬೇ?"

"ಪಗಾರ ಪಾಠ ಹೇಳಾಕ ಕೊಡ್ತಾರವ್ವಾ. ಇದು ಪುಕ್ಕಟೆ ಮಾಡಾಕತ್ತೀನಿ."

"ಅದೂ ಪುಕ್ಕಟೆ!" ಎಂದು ಅವಳು ರೊಟ್ಟಿಯನ್ನು ಜೋರಾಗಿ ಬಡಿದಳು.

ಸೂತ್ರ ಕಷ್ಟದ್ದೇನಲ್ಲ. ಒಂದೇ ದಿನ ಹುಟ್ಟಿದ ಒಂದು ಲಕ್ಷ ಮಕ್ಕಳನ್ನು ಕಾಗದದ ಮೇಲೆ ಊಹಿಸಿಕೊಳ್ಳಬೇಕು. ವರ್ಷ ವರ್ಷಕ್ಕೆ ಅವರಲ್ಲಿ ಎಷ್ಟು ಜನ ಉಳಿಯುತ್ತಾರೆ ಎಂದು ಬರೆಯುತ್ತಾ ಹೋಗಬೇಕು. ಇದಕ್ಕೆ ಆಯುಷ್ಯ ಕೋಷ್ಟಕ ಎನ್ನುತ್ತಾರೆ. ಮೊದಲ ವರ್ಷಗಳಲ್ಲೇ ಆ ಲಕ್ಷ ಬಹಳ ಕರಗುತ್ತದೆ. ನಮ್ಮ ಕಡೆ ಎಳೆಕೂಸುಗಳು ಹೋಗುತ್ತಿದ್ದ ಸಂಖ್ಯೆ ಬರೆಯುವಾಗ ಕೈ ತಡೆಯುತ್ತಿತ್ತು. ಆ ಗಂಡಾಂತರ ದಾಟಿದವರು ಹತ್ತು, ಹದಿನೈದು ವಯಸ್ಸಿನಲ್ಲಿ ಎಲ್ಲರಿಗಿಂತ ಗಟ್ಟಿ. ಆಮೇಲೆ ಮೂವತ್ತು ದಾಟಿದ ಮೇಲೆ ಒಂದು ವಿಚಿತ್ರ ಶಿಸ್ತು ಶುರುವಾಗುತ್ತದೆ: ಆ ವರ್ಷ ಸಾಯುವ ಅಪಾಯ ಏಳೆಂಟು ವರ್ಷಕ್ಕೊಮ್ಮೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತಾ ಹೋಗುತ್ತದೆ. ಬಡವ, ಸಾಹುಕಾರ, ಯಾವ ದೇಶ, ಯಾವ ಜಾತಿ, ಆರಂಭ ಬೇರೆಬೇರೆ ಇರಬಹುದು, ಏರುವ ರೀತಿ ಮಾತ್ರ ಒಂದೇ. ಲಾಗ್ ಕಾಗದದ ಮೇಲೆ ಹಾಕಿದರೆ ಅದು ನೆಟ್ಟಗಿನ ಗೆರೆಯಾಗುತ್ತದೆ. ಮೊದಲ ಸಲ ಆ ಗೆರೆ ನೋಡಿದಾಗ ನನಗೆ ಹೆದರಿಕೆಗಿಂತ ಹೆಚ್ಚಾಗಿ ಒಂದು ನೆಮ್ಮದಿಯಾಯಿತು. ಸಾವು ಕಣ್ಣುಮುಚ್ಚಾಲೆ ಆಡುವ ಪೋಕರಿ ಅಲ್ಲ, ಅದಕ್ಕೂ ಒಂದು ನಡತೆ ಇದೆ ಅನ್ನಿಸಿತು.

ಗೆರೆ ನೆಟ್ಟಗಿರುವುದು ಪುಸ್ತಕದಲ್ಲಿ. ನಾನು ದೇವದುರ್ಗ ತಾಲೂಕಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕೇಳಿ ತಂದ ವಯಸ್ಸುಗಳನ್ನು ಹಾಕಿದರೆ ಅದು ಗರಗಸವಾಗುತ್ತಿತ್ತು. ಏಕೆಂದರೆ ನಮ್ಮ ಜನಕ್ಕೆ ಇರುವುದು ನಲವತ್ತು, ನಲವತ್ತೈದು, ಐವತ್ತು. ನಲವತ್ಮೂರು ವರ್ಷದವರು ಆ ಇಡೀ ತಾಲೂಕಿನಲ್ಲೇ ಇರಲಿಲ್ಲ. ಒಬ್ಬ ಕುರಿ ಕಾಯುವ ಮನೆಯ ಮುದುಕಿ ನನ್ನ ಪ್ರಶ್ನೆಗೆ ನಕ್ಕುಬಿಟ್ಟಳು. "ಕುರಿದಾದ್ರ ಹಲ್ಲು ನೋಡಿ ಹೇಳ್ತೀವ್ರಿ. ಎರಡ ಹಲ್ಲು, ನಾಕ ಹಲ್ಲು, ಆರ ಹಲ್ಲು. ಎಂಟೂ ಬಂದು ಬಾಯಿ ಕೂಡಿದ ಮ್ಯಾಲ ಯಾರು ಕೇಳ್ತಾರ? ಮೇಯ್ತದ, ಇಲ್ಲಾ, ಅಷ್ಟ ನೋಡೂದು. ನಂದು ಬಾಯಿ ಕೂಡಿ ಭಾಳ ದಿನ ಆತು. ನಿಮಗ ಎಷ್ಟ ಬೇಕ ಅಷ್ಟ ಬರ್ಕೋರಿ."

ಇಂಥವರಿಂದ ವಯಸ್ಸು ಹೊರಡಿಸಲು ಒಂದು ಉಪಾಯವಿದೆ. ಎಷ್ಟು ವರ್ಷ ಎಂದು ಕೇಳಬಾರದು. ಊರಿಗೆಲ್ಲ ಗೊತ್ತಿರುವ ಒಂದು ಘಟನೆ ಹಿಡಿದು, ಆಗ ನೀವು ಏನು ಮಾಡುತ್ತಿದ್ದಿರಿ ಎಂದು ಕೇಳಬೇಕು. ರಜಾಕಾರರ ಗಲಾಟೆಯಾದಾಗ ಮದುವೆಯಾಗಿತ್ತೇ? ಕಾಲುವೆ ನೀರು ಬಂದಾಗ ದೊಡ್ಡ ಮಗ ನಡೆಯುತ್ತಿದ್ದನೇ? ಜನಕ್ಕೆ ಅಂಕಿ ಮರೆಯುತ್ತದೆ; ಆ ದಿನ ತಾವು ಏನು ಹೊತ್ತಿದ್ದರು, ಏನು ಉಟ್ಟಿದ್ದರು ಎಂಬುದು ಮರೆಯುವುದಿಲ್ಲ. ಆ ಚಳಿಗಾಲವೆಲ್ಲ ಇದನ್ನೇ ಕೇಳಿ ಕೇಳಿ ನನ್ನ ನಾಲಿಗೆಗೆ ಅದು ಚಟವಾಗಿ ಹೋಗಿತ್ತು.

ಗಿರಣಿಯ ಮಾತು ಗಟ್ಟಿಯಾದ ವಾರ ನಾನು ನನ್ನ ಗ್ರಾಫ್ ಕಾಗದ ತೆಗೆದುಕೊಂಡು ಅಪ್ಪನ ಮುಂದೆ ಹಾಸಿದೆ. ಗಿರಣಿಯ ಮುಂಭಾಗದ ಸಣ್ಣ ಕೋಣೆಯಲ್ಲಿ, ಚೀಲಗಳ ನಡುವೆ, ನನ್ನ ಜೀವನದ ಅತ್ಯಂತ ಮುಖ್ಯವಾದ ಪಾಠ ಹೇಳಿದೆ. ಒಳ್ಳೆಯ ಪಾಠವೇ ಆಗಿತ್ತು ಎಂದು ಈಗಲೂ ನನ್ನ ಅಭಿಪ್ರಾಯ.

"ಯಪ್ಪಾ, ಇದರಾಗ ನಲವತ್ತೈದು ಎಲ್ಲದ ನೋಡು. ಇಲ್ಲಿ. ಇಲ್ಲೇನರ ಗೋಡಿ ಕಾಣಸ್ತದೇನು? ಏರು ಅದ, ಸಣ್ಣ ಏರು. ಗೋಡಿ ಎಲ್ಲೂ ಇಲ್ಲ."

ಅವನು ಚಾಳೀಸು ಏರಿಸಿ ಬಹಳ ಹೊತ್ತು ನೋಡಿದ. ಅಕ್ಕಿ ನೋಡುವ ಹಾಗೆಯೇ ನೋಡಿದ.

"ಇವರೆಲ್ಲಾ ಯಾರು?"

"ಯಾರೂ ಅಲ್ಲ. ಲಕ್ಷ ಮಂದಿ, ಲೆಕ್ಕದ ಮಂದಿ."

"ಅವರ ಮನ್ಯಾಗ ಅಪ್ಪ, ಅಣ್ಣ ಇಬ್ರೂ ಒಂದ ವಯಸ್ಸಿಗೆ ಹೋಗ್ಯಾರೇನು?"

"ಇಲ್ಲ. ಇದು ಎಲ್ಲಾರ್ದೂ ಕೂಡ್ಸಿ..."

"ಹಂಗಾದ್ರ ಇದು ಅವರ ಲೆಕ್ಕ ತಂಗಿ. ಗೋಡಿ ನಿನ್ನ ಕಾಗದದಾಗ ಇಲ್ಲ, ನಮ್ಮ ಮನ್ಯಾಗ ಅದ." ಕಾಗದವನ್ನು ನೀಟಾಗಿ ಸುತ್ತಿ ನನ್ನ ಕೈಗೆ ಕೊಟ್ಟ. "ಛಂದ ಬರದೀದಿ," ಎಂದು ಬೆನ್ನು ತಟ್ಟಿದ. ಬೈದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ. ಲಕ್ಷ ಜನರ ಬಗ್ಗೆ ಗಣಿತ ಏನು ಬೇಕಾದರೂ ಹೇಳುತ್ತದೆ. ಒಬ್ಬನ ಬಗ್ಗೆ ಕೇಳಿದರೆ ಕೆಮ್ಮುತ್ತದೆ.

ಆ ಸೋಮವಾರದ ಹಿಂದಿನ ಶುಕ್ರವಾರ ರಜೆ ಇತ್ತು. ಗಿರಣಿ ಮಾರುವ ಮೊದಲು ಅಜ್ಜನ ಸಮಾಧಿಗೆ ಹೋಗಿ ಬರಬೇಕೆಂದು ಅಪ್ಪನ ಮನಸ್ಸು. ಮೂವರೂ ಬಸ್ಸು ಹಿಡಿದು ದೇವದುರ್ಗಕ್ಕೆ ಹೋದೆವು. ನಮ್ಮ ಜನರ ರುದ್ರಭೂಮಿ ಊರ ಹೊರಗಿದೆ. ಅಜ್ಜನ ಸಮಾಧಿಯ ಕಲ್ಲಿನ ಮೇಲೆ ಕನ್ನಡದಲ್ಲಿ ಒಂದೇ ಕೈಯಿಂದ ಕೊರೆದ ಎರಡು ಸಾಲು: ಜನನ ಫಸಲಿ 1302, ಲಿಂಗೈಕ್ಯ ಫಸಲಿ 1347. ಅಪ್ಪ ಆ ಹಿತ್ತಾಳೆ ತಂಬಿಗೆಯಲ್ಲೇ ನೀರು ತಂದಿದ್ದ. ಕಲ್ಲು ತೊಳೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಬೇವಿನ ನೆರಳಿಗೆ ಕೂತೆವು. ಅವನು ಎಂದಿನ ಕಥೆ ಶುರು ಮಾಡಿದ. ನಾನು ಅದನ್ನು ಎಷ್ಟು ಸಲ ಕೇಳಿದ್ದೆನೆಂದರೆ ಅವನ ಜೊತೆಗೆ ತುಟಿ ಆಡಿಸಬಲ್ಲವಳಾಗಿದ್ದೆ.

"ಅಪ್ಪನ್ನ ಇಲ್ಲಿ ಮಣ್ಣಾಗ ಕೂಡ್ಸಿದಾಗ ಬುಟ್ಟಿ ತುಂಬ ವಿಭೂತಿ ಗಟ್ಟಿ ತಲಿ ಮ್ಯಾಲ ಹೊತ್ಕೊಂಡು, ಅಂಗಡಿ ಮುಂದಿಂದ ಇಲ್ಲಿ ತನಕ ನಾನ ನಡಕೊಂಡ ಬಂದೀನಿ. ದಾರ್ಯಾಗ ಒಂದು ಬಿದ್ದು ಒಡೀತು. ಅಯ್ನೋರು ಬೈದ್ರು. ಅಣ್ಣ ಅವರಿಗೇ ತಿರುಗಿ ಬೈದ."

ನನ್ನ ನಾಲಿಗೆಯ ಚಟ ತಾನಾಗಿ ಕೇಳಿತು. "ಆಗ ನಿಂಗೆಷ್ಟು ವಯಸ್ಸು?"

"ಮೂರು. ಕಲ್ಲ ಮ್ಯಾಲ ನಲವತ್ತೇಳು ಅದ, ತಂಬಿಗಿ ಮ್ಯಾಲ ನಲವತ್ನಾಕು. ಕಳಿ."

"ಮೂರ ವರ್ಷದ ಹುಡುಗ ವಿಭೂತಿ ಬುಟ್ಟಿ ಹೊರತಾನೇನು?"

ಅಪ್ಪ ನನ್ನ ಮುಖ ನೋಡಿದ. "ಆಗಿನ ಮಂದಿ ಗಟ್ಟಿ ಇದ್ರು ಬಿಡು."

ಅವ್ವ ಸೆರಗಿನ ಮರೆಗೆ ಏನೋ ಸದ್ದು ಮಾಡಿದಳು. ಕುರಿಯವರ ಮನೆಯಂಗಳದಲ್ಲಿ ಕೂತು ಕೇಳುತ್ತಿದ್ದ ಧ್ವನಿಯಲ್ಲೇ, ಏನೂ ಆಗದವಳಂತೆ, ಮುಂದಿನ ಪ್ರಶ್ನೆ ಕೇಳಿದೆ.

"ರಜಾಕಾರರ ಗಲಾಟಿ ಆದಾಗ ನೀ ಎಲ್ಲಿದ್ದಿ?"

"ಗೊತ್ತಿಲ್ಲೇನು ನಿಂಗ? ಬಂಡಿ ಹೂಡ್ಕೊಂಡು ಎಲ್ಲಾರ್ನೂ ಕರ್ಕೊಂಡು ತುಂಗಭದ್ರಾ ದಂಡಿಗೆ ಹೋದ್ನಿ. ಹರಗೋಲಿನಾಗ ಆಕಡಿ ದಾಟಿದ್ವಿ, ಬಳ್ಳಾರಿ ಕಡಿಗೆ. ಹರಗೋಲಿನವ ನನ್ನ ನೋಡಿ, 'ಬರ್ರಿ ಮೀಸಿ ಗೌಡ್ರ' ಅಂದ."

"ಮೀಸಿ ಇತ್ತೇನು?"

"ಇತ್ತಂದ್ರ! ಹುರಿ ಮೀಸಿ!" ಅಪ್ಪನ ಕೈ ತಾನಾಗಿ ಮೇಲ್ದುಟಿಗೆ ಹೋಯಿತು.

"ತಂಬಿಗಿ ಲೆಕ್ಕದಾಗ ಆವಾಗ ನಿಂಗ ಹದಿಮೂರು ಯಪ್ಪಾ."

ಕೈ ಅಲ್ಲೇ ನಿಂತಿತು. ಅವ್ವನಿಗೆ ಇನ್ನು ತಡೆಯಲಾಗಲಿಲ್ಲ. ಸ್ಮಶಾನ ಎಂಬುದನ್ನೂ ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಗಲಾಟಿ ಹಿಂದಿನ ವರ್ಷ ನಾ ಮದಿವ್ಯಾಗಿ ಈ ಮನಿಗೆ ಬಂದಾಗ, ಆ ಮೀಸಿ ನೋಡೇ ಹೆದ್ರಿದ್ದೆ. ತಲಿಬಾಕಲ ಮೂಲಿಗೆ ನಿಂತು ಅತ್ತೀನಿ."

"ಮತ್ತ ಇಷ್ಟ ವರ್ಷ ಯಾಕ ಹೇಳ್ಲಿಲ್ಲವ್ವಾ?" ಎಂದು ನಾನು ಹೆಚ್ಚುಕಡಿಮೆ ಕಿರುಚಿದೆ.

"ನೀವಿಬ್ರೂ ಕಳ್ಯಾಕತ್ತಿದ್ರಿ. ನನ್ನ ಯಾರು ಕೇಳಿದ್ರು?"

ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರಲ್ಲ, ಅದು ಇದು. ತಾಲೂಕಿನ ಹಳ್ಳಿಹಳ್ಳಿಗೂ ಹೋಗಿ ಕಂಡವರನ್ನೆಲ್ಲ ಮೀಸೆ ಯಾವಾಗ ಬಂತು ಎಂದು ಕೇಳಿದವಳು ಮನೆಯಲ್ಲಿದ್ದ ಮೀಸೆಯನ್ನು ಕೇಳಿರಲಿಲ್ಲ. ಅಪ್ಪ ಮಾತ್ರ ಅಜ್ಜನ ಕಲ್ಲನ್ನೇ ನೋಡುತ್ತಾ ಕೂತಿದ್ದ. "ಹಂಗಾದ್ರ ತಂಬಿಗಿ ಸುಳ್ಳ ಹೇಳ್ತದೇನು? ಕೊಟ್ಟಾಂವ ನಮ್ಮ ತಾಯಿ ಅಪ್ಪ," ಅಂದ. ಅವನ ಧ್ವನಿಯಲ್ಲಿ ನಂಬಿಕೆಯೂ ಇರಲಿಲ್ಲ, ಆಸೆಯೂ ಇರಲಿಲ್ಲ. ಎರಡಕ್ಕೂ ಹೆದರಿದವನ ಧ್ವನಿ ಅದು. ನಾನು ತಂಬಿಗೆ ತೆಗೆದುಕೊಂಡು ಸಂಜೆಯ ರಾಯಚೂರು ಬಸ್ಸು ಹತ್ತಿದೆ. ಅವರು ಮಾನ್ವಿಗೆ ಹೋದರು.

ಮರುದಿನ ಕಾಲೇಜಿನಲ್ಲಿ ಉರ್ದು ಕಲಿಸುವ ಹಿರಿಯರೊಬ್ಬರ ಮುಂದೆ ತಂಬಿಗೆಯನ್ನು ಬೋರಲು ಹಾಕಿದೆ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಕತ್ತು ಉದ್ದ ಮಾಡಿದರು. ಉರ್ದು ಮೇಷ್ಟ್ರು ತಳವನ್ನು ಕಿಟಕಿಯ ಬೆಳಕಿಗೆ ಹಿಡಿದು ಕರವಸ್ತ್ರದಿಂದ ತಿಕ್ಕಿದರು. ಅಂಕಿ ಸರಿಯಾಗಿಯೇ ಇತ್ತು, 1344. ಅಂಕಿಯ ಕೊನೆಗೆ ಎರಡು ಕಣ್ಣಿನಂಥ ಒಂದು ಸುರುಳಿ ಇತ್ತು. ನಾವೆಲ್ಲ ಅದನ್ನು ಹೂಬಳ್ಳಿ ಎಂದುಕೊಂಡಿದ್ದೆವು.

"ಇದು ಹೂವಲ್ರಿ ಮೇಡಂ," ಅಂದರು. "ಹಿಜರಿ ಅಂತ ಗುರ್ತು. ನೀವು ಫಸಲಿ ಅಂತ ತಿಳ್ಕೊಂಡೀರೇನು?"

ನಾನು ಕುರ್ಚಿ ಹಿಡಿದುಕೊಂಡೆ. ಅವರು ನಗುತ್ತಾ ಬಿಡಿಸಿ ಹೇಳಿದರು. ಆಗ ರಾಯಚೂರಿನಲ್ಲಿ ಎರಡು ವರ್ಷಗಳು ಒಟ್ಟಿಗೆ ನಡೆಯುತ್ತಿದ್ದವು. ಕಚೇರಿಗೆ, ಹೊಲಕ್ಕೆ ಫಸಲಿ. ಮುಸಲ್ಮಾನರ ಹಬ್ಬಕ್ಕೆ, ಮನೆಗೆ ಹಿಜರಿ. ಹಿಜರಿ ಚಂದ್ರನ ವರ್ಷ, ಹನ್ನೊಂದು ದಿನ ಗಿಡ್ಡ, ಹಾಗಾಗಿ ಬೇಗ ಬೇಗ ಓಡುತ್ತದೆ. ಅಪ್ಪ ಹುಟ್ಟಿದ ಕಾಲಕ್ಕೆ ಅದು ಫಸಲಿಗಿಂತ ಒಂಬತ್ತು ವರ್ಷ ಮುಂದಿತ್ತು. ಪಾತ್ರೆ ಅಂಗಡಿಯಲ್ಲಿ ಕೊರೆಯುವವನನ್ನು ಮುತ್ತಜ್ಜ 'ಈ ವರ್ಷದ್ದು ಹಾಕು' ಎಂದಿರಬೇಕು. ಅವನು ತನ್ನ ಮನೆಯ ಗೋಡೆಯ ಮೇಲಿನ ವರ್ಷವನ್ನು ಹಾಕಿದ. ಯಾರದ್ದೂ ತಪ್ಪಲ್ಲ. ಅಪ್ಪ ಹುಟ್ಟಿದ್ದು ಒಂದು ಪಂಚಾಂಗದಲ್ಲಿ, ನಾವು ಅವನನ್ನು ಮುಪ್ಪು ಮಾಡಿದ್ದು ಇನ್ನೊಂದರಲ್ಲಿ.

ಅಲ್ಲೇ ಮೇಜಿನ ಮೇಲಿದ್ದ ಸೀಮೆಸುಣ್ಣದಿಂದ ಲೆಕ್ಕ ಹಾಕಿದೆ. ಅಜ್ಜ ಹೋದಾಗ ಅಪ್ಪನಿಗೆ ಹನ್ನೆರಡು: ಬುಟ್ಟಿ ಹೊರಬಲ್ಲ. ಗಲಾಟೆಯ ಕಾಲಕ್ಕೆ ಇಪ್ಪತ್ತೆರಡು: ಮೀಸೆ ಹುರಿ ಮಾಡಬಲ್ಲ. ಚಾಳೀಸು ಬಂದಾಗ ನಲವತ್ತೆರಡು: ಚಾಳೀಸು ತನ್ನ ಹೆಸರಿಗೆ ತಕ್ಕಂತೆ ನಲವತ್ತು ದಾಟಿದ ಮೇಲೆಯೇ ಬಂದಿದೆ, ಪಾಪ, ಅದನ್ನು ಸುಮ್ಮನೆ ಬೈದೆವು. ಈಗ ಅಪ್ಪನಿಗೆ ಐವತ್ಮೂರು. ಅವನು ವಯಸ್ಸಿಗೆ ಮೊದಲೇ ಮುಪ್ಪಾದವನಲ್ಲ. ತಲೆಯಲ್ಲಿ ಇನ್ನೂ ಅರ್ಧ ಕರಿ ಕೂದಲಿರುವ, ನೆಲ್ಲಿನ ಚೀಲ ಎತ್ತಬಲ್ಲ, ಐವತ್ಮೂರರ ಗಟ್ಟಿ ಆಳು. ಅಜ್ಜನ ಕಲ್ಲು ಸುಳ್ಳು ಹೇಳಿರಲಿಲ್ಲ, ದೊಡ್ಡಪ್ಪನ ನೌಕರಿಯ ಕಾಗದವೂ ಹೇಳಿರಲಿಲ್ಲ. ಅವರಿಬ್ಬರೂ ನಲವತ್ತೈದಕ್ಕೇ ಹೋದವರು. ಆದರೆ ಅಪ್ಪ ಆ ಗೋಡೆಯನ್ನು ಎಂದೋ ದಾಟಿ ಬಂದಿದ್ದ, ದಾಟಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ನಾನು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಅತ್ತುಬಿಟ್ಟೆ. ಉರ್ದು ಮೇಷ್ಟ್ರು ಗಾಬರಿಯಾಗಿ ತಮ್ಮ ಚಹಾ ನನ್ನ ಕಡೆ ಸರಿಸಿದರು.

ಭಾನುವಾರ ಬೆಳಗಿನ ಬಸ್ಸಿನಲ್ಲಿ ಮಾನ್ವಿಗೆ ಹೋಗುವಾಗ ಒಂದು ವಿಚಾರ ಬಂದು ಒಬ್ಬಳೇ ನಕ್ಕೆ. ನನ್ನ ಸೂತ್ರದ ಪ್ರಕಾರ, ನಲವತ್ನಾಲ್ಕರವನು ಐವತ್ಮೂರರವನಾದರೆ ಅವನ ಅಪಾಯ ಇಮ್ಮಡಿಗೂ ಮೇಲೆ. ಅಂದರೆ ನಾನು ತಂಬಿಗೆಯಲ್ಲಿ ಹೊತ್ತುಕೊಂಡು ಹೋಗುತ್ತಿದ್ದದ್ದು, ಗಣಿತದ ಕಣ್ಣಿಗೆ, ಕೆಟ್ಟ ಸುದ್ದಿ. ಇಷ್ಟು ಹಗುರವಾದ ಕೆಟ್ಟ ಸುದ್ದಿಯನ್ನು ನಾನು ಆಮೇಲೆ ಎಂದೂ ಹೊತ್ತಿಲ್ಲ.

ಅಪ್ಪನಿಗೆ ಎರಡು ಸಲ ಹೇಳಬೇಕಾಯಿತು. ಮೊದಲ ಸಲ ಅವನಿಗೆ ಸಿಟ್ಟೇ ಬಂತು, ಯಾರೋ ಜೇಬಿಗೆ ಕೈ ಹಾಕಿದಂತೆ.

"ನನ್ನ ಒಂಬತ್ತು ವರ್ಷ ಎಲ್ಲಿ ಹೋದ್ವು ಬೇ?"

ಅವ್ವ ಒಳಗಿನಿಂದಲೇ ಹೇಳಿದಳು. "ಎಲ್ಲಿ ಹೋಗ್ತಾವ್ರಿ? ನನ್ನ ಕೂಡ ಬಾಳೇ ಮಾಡೀರಿ."

ಎರಡನೇ ಸಲ ಹೇಳಿದಾಗ ಸುಮ್ಮನೆ ಕೇಳಿದ. ಆಮೇಲೆ ಮೆಲ್ಲಗೆ, "ಹಂಗಾದ್ರ ನಲವತ್ತೈದು ನಂದು ಯಾವಾಗ ಆತು?" ಅಂದ. ಎಂಟು ವರ್ಷದ ಹಿಂದೆ, ಎಪ್ಪತ್ತೊಂದರಲ್ಲಿ, ಎಂದೆ. ಅವನು ಚಪ್ಪಲಿ ಮೆಟ್ಟಿಕೊಂಡು ಗಿರಣಿಯ ಕಡೆ ಹೊರಟ. ನಾನೂ ಹಿಂದೆ ಹೋದೆ. ಬಾಗಿಲ ಮೇಲೆ, ಧೂಳು ಮೆತ್ತಿದ ಗಾರೆಯಲ್ಲಿ, ಗಿರಣಿ ಶುರುವಾದ ವರ್ಷ ಬರೆಸಿದ್ದ. ಹೆಗಲ ಮೇಲಿನ ಟವೆಲ್ಲಿನಿಂದ ಅದನ್ನು ಒರೆಸಿದ. 1971. ಅಲ್ಲಿ ನಿಂತು ಅವನು ಬಿಟ್ಟ ಉಸಿರು ನನಗೆ ಕೇಳಿಸಿತು. ಹದಿಮೂರು ವರ್ಷದಿಂದ ಹಿಡಿದಿದ್ದ ಉಸಿರು ಅದು.

ಮುಂದಿನದ್ದು ಬೇಗ ಹೇಳಿಬಿಡುತ್ತೇನೆ. ಎಂಬತ್ತರ ದಶಕದ ನಡುವೆ ನನ್ನ ಪ್ರಬಂಧ ಮುಗಿಯಿತು. ಹಳ್ಳಿಗಳಿಗೆ ಮತ್ತೆ ಹೋಗಿ, ವರ್ಷ ಹೇಳಿದವರನ್ನೆಲ್ಲ ಯಾವ ವರ್ಷ, ಹಿಜರಿಯೋ ಫಸಲಿಯೋ ಎಂದು ಕೇಳಿ ಬಂದಿದ್ದೆ. ಗರಗಸದ ಹಲ್ಲು ಪೂರ್ತಿ ಹೋಗದಿದ್ದರೂ ಮೊಂಡಾದವು. ಅಪ್ಪ ಅರವತ್ತರ ಹತ್ತಿರ ಬಂದಿದ್ದ. ಕಾಗದ ಹಾಸಿಸಿ, ತಾನು ಎಲ್ಲಿದ್ದೇನೆ ತೋರಿಸು ಎಂದ. ತೋರಿಸಿದೆ. ಆ ಚುಕ್ಕಿಯ ಮೇಲೆ ಬೆರಳಿಟ್ಟು, ಬಲಗಡೆ ಉಳಿದ ಬಿಳಿ ಜಾಗವನ್ನು ಇನ್ನೊಂದು ಕೈಯಿಂದ ಸವರಿ, "ಇನ್ನ ಕಾಗದ ಭಾಳ ಅದಲ್ಲ," ಅಂದ. ಆ ಹೊತ್ತಿಗೆ ಅವನಿಗೆ ಏರಿನ ಹೆದರಿಕೆ ಇರಲಿಲ್ಲ. ಏರು ಎಲ್ಲರಿಗೂ ಇರುವುದು. ಅವನಿಗೆ ಬೇಡವಾಗಿದ್ದದ್ದು ಗೋಡೆ.

ಆದರೆ ನನಗೆ ನೆನಪಾದಾಗಲೆಲ್ಲ ಮನಸ್ಸು ಹಗುರಾಗುವುದು ಆ ಸೋಮವಾರ. ಕವಿತಾಳದ ವ್ಯಾಪಾರಿ ಹೇಳಿದ ಹೊತ್ತಿಗೇ ಬಂದರು. ಒಳ್ಳೆಯ ಮನುಷ್ಯ; ಬಾಳೆಹಣ್ಣು ತಂದಿದ್ದರು. ಅಪ್ಪ ಅವರನ್ನು ಗಿರಣಿಯ ಕೋಣೆಯಲ್ಲಿ ಕೂಡಿಸಿ, ಚಹಾ ಕುಡಿಸಿ, ಕೈ ಮುಗಿದ.

"ಕ್ಷಮಾ ಮಾಡ್ರಿ ಯಜಮಾನ್ರ. ಗಿರಣಿ ಕೊಡಂಗಿಲ್ಲ."

"ಯಾಕ್ರಿ? ಮೊನ್ನೆ ಎಲ್ಲಾ ಮಾತಾಗಿತ್ತಲ್ರಿ."

"ಮೊನ್ನೆ ನಾ ಸಾಯಾಂವ ಇದ್ದೆ ನೋಡ್ರಿ. ಈಗ ಮಗಳು ಲೆಕ್ಕ ತಗದಾಳ. ನಾ ಸತ್ತು ಎಂಟ ವರ್ಷ ಆಗ್ಯಾವ." ಅಪ್ಪ ಬಾಗಿಲ ಮೇಲಿನ ವರ್ಷದ ಕಡೆ ಕೈ ತೋರಿಸಿದ. "ಸಾಯೋ ವರ್ಷದಾಗ ಇದನ್ನ ಕಟ್ಟೀನಿ. ಅದನ್ನ ಹೆಂಗ ಮಾರ್ಲಿ?"

ವ್ಯಾಪಾರಿ ದಿಕ್ಕು ತೋಚದೆ ನನ್ನ ಕಡೆ ನೋಡಿದರು. "ಖರೇ ಅದರೀ," ಎಂದೆ ನಾನು. ಬೇರೆ ಏನು ಹೇಳಲಿ? ಖರೇನೇ ಇತ್ತು. ಬಾಗಿಲ ಹಿಂದೆ ನಿಂತಿದ್ದ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಅಪ್ಪ ಎದ್ದು ಒಳಗೆ ಹೋಗಿ ಯಂತ್ರದ ಗಾಲಿಗೆ ಪಟ್ಟಾ ಏರಿಸಿದ. ಹಲ್ಲರು ಶುರುವಾಯಿತು, ಆಮೇಲೆ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ.